ಯಾವ ಕಾಮಾಲೆ?

ಮೂಡಿಗೆರೆ ಕಡೆ ಒಬ್ಬರ ಕಣ್ಣು ಹಳದಿಯಾಯಿತೆಂದರೆ ಔಷಧಿಗೇನೂ ಬರವಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಚಾರಿಸಿದರೂ ಸಾಕು, ಇಂಥ ಊರಿನ ಇಂಥ ಮನೆಯಲ್ಲಿ ಸೊಪ್ಪಿನ ಔಷಧಿ ಕೊಡುತ್ತಾರೆ ಎಂದು ದಾರಿ ಹೇಳುವವರು ಸಿಗುತ್ತಾರೆ. ಬೆಳಗಾಗುತ್ತಲೇ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕೊಡುವವರು ಸೊಪ್ಪಿನ ಹೆಸರು ಹೇಳುವುದಿಲ್ಲ, ಹೋದವರು ಕೇಳುವುದೂ ಇಲ್ಲ. ಮೂರು ದಿನವೋ ಐದು ದಿನವೋ ಕುಡಿಯಬೇಕು. ಉಪ್ಪು, ಹುಳಿ, ಖಾರ ಬಂದ್. ಒಗ್ಗರಣೆಯ ವಾಸನೆಯೂ ಬೀಳಬಾರದು. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವನಿಗೂ ಕಾಫಿ ಬಂದ್. ಮೂರು ವಾರ ಕಳೆಯುವಷ್ಟರಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಹಸಿವು ಮರಳುತ್ತದೆ, ಔಷಧಿ ಕೊಟ್ಟವರ ಹೆಸರು ಇನ್ನೊಂದು ಹೋಬಳಿಗೆ ಹಬ್ಬುತ್ತದೆ.

ಇಷ್ಟೆಲ್ಲ ನಡೆದರೂ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಅದು ಯಾವ ಕಾಮಾಲೆ?

ನಮ್ಮ ರಕ್ತದ ಕೆಂಪು ಕಣಗಳು ಹಳತಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಕಳಿಸುವುದು ಪಿತ್ತಜನಕಾಂಗದ, ಅಂದರೆ ಲಿವರಿನ ಕೆಲಸ. ಆರೋಗ್ಯವಂತರಲ್ಲಿ ಬಿಲಿರುಬಿನ್ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಅದು ಮೂರರ ಹತ್ತಿರ ಹೋದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಹಾಗೆ ಏರುವುದಕ್ಕೆ ವೈರಸ್ಸೇ ಆಗಬೇಕೆಂದಿಲ್ಲ. ವರ್ಷಗಟ್ಟಲೆ ಕುಡಿದ ಸಾರಾಯಿ ಆಗಬಹುದು, ಪಿತ್ತನಾಳಕ್ಕೆ ಸಿಕ್ಕಿಕೊಂಡ ಕಲ್ಲು ಆಗಬಹುದು, ಮೇದೋಜೀರಕದ ಗಡ್ಡೆ ಆಗಬಹುದು, ಅಳತೆ ಮೀರಿ ನುಂಗಿದ ಪ್ಯಾರಾಸಿಟಮಾಲ್ ಆಗಬಹುದು. ಮಲೆನಾಡಿನಲ್ಲಾದರೆ ಇಲಿಜ್ವರವೂ ಆಗಬಹುದು. ಇಷ್ಟಕ್ಕೂ ಒಂದೇ ಲೋಟದ ಸೊಪ್ಪಿನ ರಸ ಹೇಗೆ ಮದ್ದಾದೀತು ಎಂದು ಕೇಳುವುದು ಉದ್ಧಟತನವಲ್ಲ.

ವೈರಸ್ಸಿನಿಂದ ಬರುವ ಲಿವರ್ ಉರಿಯೂತಕ್ಕೆ ವೈದ್ಯರು ಹೆಪಟೈಟಿಸ್ ಎನ್ನುತ್ತಾರೆ. ಅದಕ್ಕೆ ಮುಖ್ಯವಾಗಿ ಐದು ವೈರಸ್‌ಗಳು ಕಾರಣ: ಎ, ಬಿ, ಸಿ, ಡಿ, ಇ. ಅಕ್ಷರಮಾಲೆಯಲ್ಲಿ ಒಟ್ಟಿಗೆ ನಿಂತಿವೆ ಎಂಬುದನ್ನು ಬಿಟ್ಟರೆ ಇವು ಅಣ್ಣತಮ್ಮಂದಿರಲ್ಲ. ಬೇರೆ ಬೇರೆ ಕುಲದ ವೈರಸ್‌ಗಳು, ಬಂದು ತಂಗುವ ಮನೆ ಮಾತ್ರ ಒಂದೇ. ಮೊದಲು ತಿಳಿಯಬೇಕಾದ್ದು ಇವು ಯಾವ ದಾರಿಯಲ್ಲಿ ಬರುತ್ತವೆ ಎಂಬುದನ್ನು. ಎ ಮತ್ತು ಇ ಬಾಯಿಯ ದಾರಿ ಹಿಡಿದು ಬರುತ್ತವೆ, ಕೊಳೆ ಬೆರೆತ ನೀರಿನಲ್ಲಿ, ಅನ್ನದಲ್ಲಿ. ಬಿ, ಸಿ ಮತ್ತು ಡಿ ರಕ್ತದ ದಾರಿಯವು. ಮೊದಲಿನ ಎರಡು ಕೆಲವು ವಾರ ಗಲಾಟೆ ಮಾಡಿ ಹೊರಟುಹೋಗುತ್ತವೆ. ಉಳಿದವು ಸದ್ದಿಲ್ಲದೆ ಬಂದು ಇಪ್ಪತ್ತು, ಮೂವತ್ತು ವರ್ಷ ಬೀಡುಬಿಡಬಲ್ಲವು.

ಕಾಫಿ ಸೀಮೆಯವರಿಗೆ ತಮ್ಮ ನೀರಿನ ಮೇಲೆ ಅಪಾರ ಹೆಮ್ಮೆ. ಅದು ಸುಮ್ಮನೆ ಬಂದದ್ದೂ ಅಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಭದ್ರೆ ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಹಾದು ಹೋಗುತ್ತಾಳೆ. ನದಿ ಹುಟ್ಟುವ ಜಾಗದಲ್ಲಿ ಕೂತವರಿಗೆ ನೀರು ಕಾಯಿಸಿ ಕುಡಿಯಿರಿ ಎಂದರೆ ನಗು ಬರುತ್ತದೆ. ‘ನಮಗಿಂತ ಮೇಲೆ ಯಾರಿದ್ದಾರೆ?’ ಎನ್ನುತ್ತಾರೆ. ಗುಡ್ಡದ ಅಬ್ಬಿಗೆ ಪೈಪ್ ಹಾಕಿ, ಮೋಟಾರಿನ ಹಂಗಿಲ್ಲದೆ ನೇರ ಅಡುಗೆಮನೆಗೆ ನೀರು ಇಳಿಸಿಕೊಂಡ ಮನೆಗಳು ಈ ಭಾಗದಲ್ಲಿ ಲೆಕ್ಕವಿಲ್ಲದಷ್ಟಿವೆ.

ಮೇಲೆ ಯಾರೂ ಇಲ್ಲದ ಕಾಲ ಒಂದಿತ್ತು. ಈಗ ಅಬ್ಬಿಯ ಮೇಲಿನ ದಿಣ್ಣೆಯಲ್ಲಿ ಹೋಂಸ್ಟೇ ಎದ್ದಿದೆ, ಅದರಾಚೆ ಕೂಲಿ ಲೈನಿದೆ, ಎರಡಕ್ಕೂ ಪಾಯಿಖಾನೆಯ ಗುಂಡಿಗಳಿವೆ. ಗುಂಡಿಗೂ ಬಾವಿಗೂ ಕನಿಷ್ಠ ಐವತ್ತು ಅಡಿ ಅಂತರವಿರಲಿ ಎಂಬ ಬಯಲುಸೀಮೆಯ ಲೆಕ್ಕ ಇಳಿಜಾರಿನಲ್ಲಿ ಅಷ್ಟು ನಂಬಿಕಸ್ಥವಲ್ಲ. ಆಷಾಢದ ಮಳೆಯಲ್ಲಿ ಮಣ್ಣು ನೆನೆದು ಜಿನುಗತೊಡಗಿದಾಗ ಮೇಲಿನ ಗುಂಡಿಯ ನೀರು ಕೆಳಗಿನ ಊಟೆಗೆ ಸೇರಲು ಯಾರ ಅಪ್ಪಣೆಯೂ ಬೇಡ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಬಾಯಿಗೆ ತಣ್ಣಗೇ ಇರುತ್ತದೆ.

ಇನ್ನೊಂದು ಕಾರಣಕ್ಕೂ ನೀರಿನ ಮೇಲೆ ಅನುಮಾನ ಬರುವುದಿಲ್ಲ. ವಾಂತಿಭೇದಿಯಾದರೆ ನಿನ್ನೆ ಎಲ್ಲಿ ತಿಂದೆ ಎಂದು ನೆನಪಿಸಿಕೊಳ್ಳಬಹುದು. ಹೆಪಟೈಟಿಸ್ ಎ ಮತ್ತು ಇ ದೇಹ ಹೊಕ್ಕ ಮೇಲೆ ಕಣ್ಣು ಹಳದಿಯಾಗುವುದಕ್ಕೆ ಎರಡರಿಂದ ಆರೇಳು ವಾರ ಹಿಡಿಯುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಗುಡ್ಡಗಳು ಜರಿದು ಜನ ಮನೆ ಬಿಟ್ಟು ಓಡಿದರಲ್ಲ, ಅಂಥ ಅನಾಹುತದ ದಿನಗಳಲ್ಲಿ ಕುಡಿದ ಕೆಟ್ಟ ನೀರಿನ ಕಾಮಾಲೆ ಕಾಣಿಸಿಕೊಳ್ಳುವುದು ಗಣೇಶನ ಹಬ್ಬವೋ ದಸರೆಯೋ ಬಂದಾಗ. ಅಷ್ಟರಲ್ಲಿ ನೆರೆಯ ನೆನಪು ಹಳೆಯದಾಗಿರುತ್ತದೆ. ತಪ್ಪನ್ನೆಲ್ಲ ಹಬ್ಬದೂಟದ ಮೇಲೆ ಹೊರಿಸಲಾಗುತ್ತದೆ.

ಮಲಿನ ನೀರು ಏನು ಮಾಡಬಲ್ಲದು ಎಂಬುದಕ್ಕೆ ಈ ದೇಶದ ದೊಡ್ಡ ಪಾಠ 1955ರ ದೆಹಲಿ. ಯಮುನೆಯ ಪ್ರವಾಹ ಇಳಿಯುವಾಗ ನಗರದ ಕುಡಿಯುವ ನೀರಿನ ಮೂಲಕ್ಕೆ ಚರಂಡಿಯ ನೀರು ನುಗ್ಗಿತು. ಮುಂದಿನ ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ. ಆಗ ಎಲ್ಲರೂ ಅದನ್ನು ಹೆಪಟೈಟಿಸ್ ಎ ಎಂದೇ ನಂಬಿದರು. ಜೋಪಾನವಾಗಿ ತೆಗೆದಿಟ್ಟಿದ್ದ ಆ ರೋಗಿಗಳ ರಕ್ತದ ಮಾದರಿಗಳನ್ನು ಕಾಲು ಶತಮಾನದ ನಂತರ ಪರೀಕ್ಷಿಸಿದಾಗ ಅದು ಎ ಅಲ್ಲ, ಬಿಯೂ ಅಲ್ಲ ಎಂದು ತಿಳಿಯಿತು. ಅದೇ ಹೊತ್ತಿಗೆ ಕಾಶ್ಮೀರದಲ್ಲಿ ಮೊಹಮ್ಮದ್ ಸುಲ್ತಾನ್ ಖುರೂ ಎಂಬ ವೈದ್ಯರು, 1978ರಲ್ಲಿ ಕಣಿವೆಯ ಹಳ್ಳಿಗಳಿಗೆ ಹಬ್ಬಿದ್ದ ಕಾಮಾಲೆಯ ಜಾಡು ಹಿಡಿದು ಇದು ಹೊಸದೊಂದು ರೋಗ ಎಂದು ವಾದಿಸುತ್ತಿದ್ದರು. ವೈರಸ್ಸನ್ನು ಕಣ್ಣಾರೆ ಕಂಡವನು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್. ಕಂಡ ರೀತಿ ಕೇಳಿದರೆ ಹೊಟ್ಟೆ ತೊಳಸುತ್ತದೆ: ಅಫ್ಘಾನಿಸ್ತಾನದಲ್ಲಿ ಕಾಮಾಲೆಯಾದ ಸೈನಿಕರ ಮಲದಿಂದ ತಯಾರಿಸಿದ ದ್ರಾವಣವನ್ನು ಆತ ತಾನೇ ಕುಡಿದ, ಕಾಮಾಲೆ ಬರಿಸಿಕೊಂಡ, ತನ್ನ ಮಲವನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. 1983ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲವೇ ಹೆಪಟೈಟಿಸ್ ಇ.

ಖುರೂ ಗಮನಿಸಿದ ಸಂಗತಿಗಳಲ್ಲಿ ಒಂದನ್ನು ಪ್ರತಿ ಗರ್ಭಿಣಿಯ ಮನೆಯವರೂ ತಿಳಿದಿರಬೇಕು. ಹೆಪಟೈಟಿಸ್ ಇ ಬೇರೆಯವರಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ಏಳು ತಿಂಗಳು ತುಂಬಿದ ಬಸುರಿಯರಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರವರೆಗೂ ಪ್ರಾಣ ತೆಗೆಯಬಲ್ಲದು. ಬಸುರಿಯ ಕಣ್ಣು ಹಳದಿಯಾದರೆ ಅದು ಸೊಪ್ಪಿನ ಔಷಧಿಗೆ ಓಡುವ ಹೊತ್ತಲ್ಲ, ಆಂಬುಲೆನ್ಸ್ ಕರೆಯುವ ಹೊತ್ತು. ಕಳಸದಂಥ ಊರಿನಿಂದ ಜಿಲ್ಲಾ ಆಸ್ಪತ್ರೆಗೋ ಘಟ್ಟ ಇಳಿದು ಮಂಗಳೂರು, ಮಣಿಪಾಲಕ್ಕೋ ಹೋಗುವುದು ಮಳೆಗಾಲದಲ್ಲಿ ಗಂಟೆಗಟ್ಟಲೆಯ ಪ್ರಯಾಣ. ನಾಳೆ ನೋಡೋಣ ಎಂದು ಕಾಯುವಷ್ಟು ಬಿಡುವು ಅಲ್ಲಿಲ್ಲ.

ದೆಹಲಿ ಹಳೆಯ ಕಥೆ ಎನ್ನುವವರಿಗೆ ಹೊಸವೂ ಇವೆ. ಬೆಳಗಾವಿಯ ಗಡಿಗೆ ಹತ್ತಿರದ ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಸಾವಿರಾರು ಮಂದಿಗೆ ಕಾಮಾಲೆ ಹಿಡಿಯಿತು. 2015–16ರಲ್ಲಿ ಶಿಮ್ಲಾದಲ್ಲಿ ಕೊಳಚೆ ಶುದ್ಧೀಕರಣ ಘಟಕದ ನೀರು ಅಶ್ವನಿ ಖಡ್ ಎಂಬ ತೊರೆಗೆ ಸೇರಿ, ಆ ತೊರೆಯ ನೀರನ್ನೇ ಊರಿಗೆ ಹಂಚಿ, ಹೆಪಟೈಟಿಸ್ ಇ ಹಬ್ಬಿತು. ಗುಡ್ಡದ ಊರು, ಮೇಲಿಂದ ಹರಿದು ಬರುವ ತೊರೆ, ನೀರಿನ ಬಗ್ಗೆ ಅತಿಯಾದ ಭರವಸೆ: ಚಿಕ್ಕಮಗಳೂರಿನವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. 2024ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ವೇಂಗೂರು ಪಂಚಾಯತಿಯಲ್ಲಿ ನಲ್ಲಿ ನೀರಿನ ಮೂಲಕ ಹೆಪಟೈಟಿಸ್ ಎ ಹಬ್ಬಿ ಇನ್ನೂರಕ್ಕೂ ಹೆಚ್ಚು ಮಂದಿ ಮಲಗಿದರು.

ಕೇರಳದಷ್ಟು ಶುಚಿಯಾದ ರಾಜ್ಯದಲ್ಲಿ ಹೀಗೇಕೆ? ಹೆಪಟೈಟಿಸ್ ಎ ವಿಚಿತ್ರ ಲೆಕ್ಕದ ವೈರಸ್. ಐದಾರು ವರ್ಷದೊಳಗಿನ ಮಕ್ಕಳಿಗೆ ತಗುಲಿದರೆ ಬಹುಪಾಲು ಮಕ್ಕಳಿಗೆ ಬಂದದ್ದೂ ಗೊತ್ತಾಗುವುದಿಲ್ಲ, ಜೀವನಪೂರ್ತಿ ರಕ್ಷಣೆ ಮಾತ್ರ ಸಿಗುತ್ತದೆ. ಹಿಂದೆ ಹಳ್ಳದ ನೀರು ಕುಡಿದೇ ಬೆಳೆದವರಿಗೆಲ್ಲ ಈ ರಕ್ಷಣೆ ಪುಕ್ಕಟೆಯಾಗಿ ಸಿಕ್ಕಿತ್ತು. ಈಗಿನ ಮಕ್ಕಳು ಫಿಲ್ಟರ್ ನೀರು ಕುಡಿದು ಬೆಳೆಯುತ್ತಾರೆ, ವೈರಸ್ ಮೊದಲ ಸಲ ಎದುರಾಗುವುದು ಇಪ್ಪತ್ತೈದರಲ್ಲೋ ಮೂವತ್ತೈದರಲ್ಲೋ. ಆ ವಯಸ್ಸಿಗೆ ರೋಗ ಜೋರು. ಬೆಂಗಳೂರಿನ ಕಂಪನಿಯಲ್ಲಿದ್ದು ವಾರಾಂತ್ಯಕ್ಕೆ ದೇವರಮನೆ, ಎತ್ತಿನಭುಜ ಎಂದು ಬರುವ ಯುವಕರೂ, ತೋಟದ ಮನೆಯಲ್ಲಿ ಹುಟ್ಟಿ ಹಾಸ್ಟೆಲಿನಲ್ಲಿ ಬೆಳೆದವರೂ ಈ ಗುಂಪಿಗೇ ಸೇರಿದವರು. ಇವರಿಗೆ ಲಸಿಕೆ ಇದೆ. 2024ರ ಆರಂಭದಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ದೇಶೀಯವಾಗಿ ತಯಾರಿಸಿದ ಹೆಪಟೈಟಿಸ್ ಎ ಲಸಿಕೆಯನ್ನು ಹೊರತಂದಿತು. ಸರ್ಕಾರದ ಉಚಿತ ಪಟ್ಟಿಯಲ್ಲಿ ಅದಿಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಹೆಪಟೈಟಿಸ್ ಇ ಲಸಿಕೆಯನ್ನು ಚೀನಾ ತಯಾರಿಸಿಕೊಂಡಿದೆ, ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ.

ಮಲೆನಾಡಿನಲ್ಲಿ ಹಂದಿ ಮಾಂಸದ ಬಗ್ಗೆ ಆಗಾಗ ಒಂದು ಗಾಳಿಸುದ್ದಿ ಏಳುತ್ತದೆ. ಯುರೋಪಿನಲ್ಲಿ ಅರೆಬೆಂದ ಹಂದಿ ಮಾಂಸದಿಂದ ಹೆಪಟೈಟಿಸ್ ಇ ಬರುವುದು ನಿಜ. ಆದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಅಧ್ಯಯನಗಳ ಪ್ರಕಾರ ಭಾರತದ ಹಂದಿಗಳಲ್ಲಿ ಸಿಗುವ ತಳಿಯೇ ಬೇರೆ, ಮನುಷ್ಯರಲ್ಲಿ ಕಾಯಿಲೆ ತರುವ ತಳಿಯೇ ಬೇರೆ. ಚೆನ್ನಾಗಿ ಬೆಂದ ಹಂದಿ ಸಾರು ನಿರಪರಾಧಿ. ಅದರ ಪಕ್ಕದಲ್ಲಿಟ್ಟ ಲೋಟದ ನೀರನ್ನು ವಿಚಾರಿಸಬೇಕು.

ಎ ಮತ್ತು ಇ ಬಂದಾಗ ಚಿಕಿತ್ಸೆ ಏನು? ವೈರಸ್ಸನ್ನು ಕೊಲ್ಲುವ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ವಿಶ್ರಾಂತಿ, ನೀರು, ಹೊಟ್ಟೆಗೆ ಹಿಡಿದಷ್ಟು ಆಹಾರ, ಮದ್ಯಕ್ಕೆ ಪೂರ್ಣ ವಿರಾಮ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಇಷ್ಟೇ ಸಾಕು. ಸೊಪ್ಪಿನ ಔಷಧಿಯ ಕೀರ್ತಿಯ ಗುಟ್ಟೂ ಇಲ್ಲೇ ಇದೆ. ತಾನಾಗಿ ಇಳಿಯುವ ಕಾಯಿಲೆಗೆ ಕೊಟ್ಟ ಯಾವ ಔಷಧಿಯೂ ಸೋಲುವುದಿಲ್ಲ. ಉಪ್ಪು, ಎಣ್ಣೆ ಬಿಡಿಸುವ ಪಥ್ಯದಿಂದ ಲಿವರಿಗೆ ಲಾಭವಿಲ್ಲ. ಮೊದಲೇ ಊಟ ಸೇರದವರು ಬರೀ ಗಂಜಿ ಕುಡಿದು ಇನ್ನಷ್ಟು ಸೊರಗುತ್ತಾರೆ, ಅಷ್ಟೆ. ಕಾಫಿಯ ವಿಷಯಕ್ಕೆ ಬಂದರೆ ತೋಟಗಾರರು ಹಿಗ್ಗುವ ಸುದ್ದಿಯಿದೆ: ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ಹೇಳಿತು. ಕಾಫಿ ಮದ್ದೆಂದಲ್ಲ. ಆದರೆ ಕಾಮಾಲೆಯ ನೆಪದಲ್ಲಿ ಚಿಕ್ಕಮಗಳೂರಿನವರಿಂದ ಲೋಟ ಕಿತ್ತುಕೊಳ್ಳುವ ಅಗತ್ಯವಂತೂ ಇಲ್ಲ.

ನಾಟಿ ಔಷಧಿಯನ್ನು ಇಷ್ಟಕ್ಕೇ ತಳ್ಳಿಹಾಕಿದರೆ ಅನ್ಯಾಯವಾದೀತು. ಅದರದೊಂದು ಕಥೆ ನೊಬೆಲ್ ಪ್ರಶಸ್ತಿಯವರೆಗೂ ಹೋಗಿ ಬಂದಿದೆ. ತೋಟದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ ಮಳೆಗಾಲಕ್ಕೆ ತಾನಾಗಿ ಹುಟ್ಟುವ ನೆಲನೆಲ್ಲಿ ಎಲ್ಲರಿಗೂ ಗೊತ್ತು. ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ಕಾಯಿ ಬಿಡುವ ಗೇಣುದ್ದದ ಗಿಡ. ಅಮೆರಿಕದ ಬರೂಕ್ ಬ್ಲಂಬರ್ಗ್ ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನು ಕಂಡುಹಿಡಿದವರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ 1960ರ ದಶಕದಲ್ಲಿ ಅದು ಸಿಕ್ಕಿದ್ದರಿಂದ ಆಸ್ಟ್ರೇಲಿಯಾ ಆ್ಯಂಟಿಜನ್ ಎಂದೇ ಹೆಸರಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ಜಗತ್ತು ಹೆಪಟೈಟಿಸ್ ದಿನವಾಗಿ ಆಚರಿಸುತ್ತದೆ. ಈ ಬ್ಲಂಬರ್ಗ್ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತಿತರರ ಜೊತೆ ಸೇರಿ ನೆಲನೆಲ್ಲಿಯ ಬೆನ್ನು ಹತ್ತಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ವರದಿ ಜಗತ್ತಿನ ಕಣ್ಣರಳಿಸಿತು. ಬಿ ವೈರಸ್ ಹೊತ್ತಿದ್ದವರಿಗೆ ಒಂದು ತಿಂಗಳು ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ತಿಂದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ.

ಇದು ನಿಜವಾಗಿ ನಿಂತಿದ್ದರೆ ಇವತ್ತು ಕಾಫಿ ಸಾಲಿನ ನಡುವೆ ನೆಲನೆಲ್ಲಿಯೂ ಒಂದು ಬೆಳೆಯಾಗಿರುತ್ತಿತ್ತು. ಥಾಯ್ಲೆಂಡಿನಲ್ಲಿ, ಮತ್ತೆ ಬೇರೆ ಕಡೆಗಳಲ್ಲಿ ಇದೇ ಪ್ರಯೋಗ ಮಾಡಿದವರಿಗೆ ಇದೇ ಫಲ ಸಿಗಲಿಲ್ಲ. ಗಿಡ ಕಿತ್ತ ಜಾಗ ಬೇರೆ, ಕಾಲ ಬೇರೆ, ಜಾತಿ ಬೇರೆ ಎಂದೆಲ್ಲ ವಾದಗಳಾದವು. ಕೊನೆಗೆ ಎಲ್ಲ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ 2011ರ ಕಾಕ್ರೇನ್ ವಿಮರ್ಶೆ, ಹೆಪಟೈಟಿಸ್ ಬಿಗೆ ನೆಲನೆಲ್ಲಿ ಮದ್ದೆನ್ನಲು ಒಪ್ಪತಕ್ಕ ಆಧಾರವಿಲ್ಲ ಎಂದಿತು. ನೊಬೆಲ್ ಪಡೆದವರೇ ಬೆನ್ನಿಗೆ ನಿಂತರೂ ಗಿಡ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಆದರೆ ಪರೀಕ್ಷೆಗೆ ಕೂರಿಸಿದರಲ್ಲ, ಅದು ಮುಖ್ಯ. ಹೆಸರು ಹೇಳದ ಸೊಪ್ಪಿಗೆ ಆ ಅವಕಾಶವೂ ಇಲ್ಲ. ಹಸಿರೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ: ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದು ಲಿವರ್ ಕೆಡಿಸಿಕೊಂಡ 43 ಮಂದಿಯ ವಿವರವನ್ನು ದೇಶದ ಹಲವು ಆಸ್ಪತ್ರೆಗಳ ಲಿವರ್ ತಜ್ಞರು ಸೇರಿ ಪ್ರಕಟಿಸಿದರು. ಆಯುಷ್ ಇಲಾಖೆ ಈ ತೀರ್ಮಾನವನ್ನು ಒಪ್ಪಲಿಲ್ಲ. ಕಾಮಾಲೆಗೆ ಕೈಮೇಲೆ ಬರೆ ಹಾಕುವುದು, ಮೂಗಿಗೆ ರಸ ಬಿಟ್ಟು ಹಳದಿ ನೀರು ಇಳಿಸುವುದು ಇವುಗಳ ಬಗ್ಗೆ ಮಾತ್ರ ಎರಡು ಅಭಿಪ್ರಾಯ ಬೇಕಿಲ್ಲ. ಗಾಯವಾಗುತ್ತದೆ, ಗುಣವಾಗುವುದಿಲ್ಲ.

ನಿಜವಾದ ನಷ್ಟ ಆಗುವುದು ಬಿ ಮತ್ತು ಸಿ ಇದ್ದವರಿಗೆ. ಇವರಲ್ಲಿ ಬಹಳ ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಸುಸ್ತು ಎನ್ನಬಹುದು, ಅದೂ ಇಲ್ಲದಿರಬಹುದು. ವೈರಸ್ ಒಳಗೊಳಗೇ ಲಿವರನ್ನು ಗಂಟುಕಟ್ಟಿಸುತ್ತಾ ಹೋಗಿ, ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತ ಕಾರಿದಾಗಲೋ ಮೊದಲ ಸಲ ಮುಖ ತೋರಿಸುತ್ತದೆ. ಆಗ ಅದರ ಹೆಸರು ಸಿರೋಸಿಸ್, ಇಲ್ಲವೇ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಅಂದಾಜಿನಂತೆ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಮಂದಿ ಬಿ ವೈರಸ್ಸನ್ನೂ 55 ಲಕ್ಷ ಮಂದಿ ಸಿ ವೈರಸ್ಸನ್ನೂ ಹೊತ್ತಿದ್ದಾರೆ. ಬಹುಪಾಲು ಜನಕ್ಕೆ ಅದು ಗೊತ್ತೇ ಇಲ್ಲ.

ಗೊತ್ತಾಗುವ ಸಂದರ್ಭಗಳೂ ಆಕಸ್ಮಿಕ. ರಕ್ತದಾನ ಶಿಬಿರದ ನಂತರ ಬರುವ ಫೋನು, ಹರ್ನಿಯಾ ಆಪರೇಷನ್ನಿಗೆ ಮೊದಲಿನ ಪರೀಕ್ಷೆ, ಗಲ್ಫ್ ಕೆಲಸಕ್ಕೆಂದು ಮಾಡಿಸಿದ ಮೆಡಿಕಲ್. ವೀಸಾ ಕೈಗೆ ಬರುವ ಹೊತ್ತಿಗೆ, ಬಿ ವೈರಸ್ಸಿನ ಗುರುತಾದ ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂಬ ಒಂದು ಸಾಲು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಆಮೇಲೆ ಮನೆಯಲ್ಲಿ ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ. ಇದು ಅನವಶ್ಯಕ ಕ್ರೌರ್ಯ. ಜೊತೆಯಲ್ಲಿ ಉಂಡರೆ, ಕೈ ಹಿಡಿದರೆ, ಒಂದೇ ಬಚ್ಚಲಲ್ಲಿ ಮಿಂದರೆ ಬಿ ಬರುವುದಿಲ್ಲ. ಬರುವುದು ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ, ಲೈಂಗಿಕ ಸಂಪರ್ಕದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದಾಗ, ಕ್ಷೌರದ ಬ್ಲೇಡಿನಿಂದ, ಜಾತ್ರೆಯ ಹಚ್ಚೆಯಿಂದ. ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲ ವೈರಸ್ ಇದು. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಬಿ ಹಬ್ಬಿ ಹಲವು ಹತ್ತು ಮಂದಿ ಸತ್ತರು. ಸಣ್ಣ ಜ್ವರಕ್ಕೂ ‘ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ’ ಎಂದು ತೋಳು ಚಾಚುವ ನಮ್ಮ ಅಭ್ಯಾಸಕ್ಕೂ ಅದರಲ್ಲಿ ಪಾಲಿದೆ.

ಬಿ ವೈರಸ್ಸಿನ ಇಡೀ ಲೆಕ್ಕ ವಯಸ್ಸಿನ ಮೇಲೆ ನಿಂತಿದೆ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ಆರು ತಿಂಗಳೊಳಗೆ ತಾವೇ ಹೊರಹಾಕುತ್ತಾರೆ. ಹುಟ್ಟುವಾಗಲೇ ತಗುಲಿದ ಕೂಸಿನಲ್ಲಿ ಲೆಕ್ಕ ತಿರುಗುಮುರುಗು: ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲೆ ನಿಲ್ಲುತ್ತದೆ. ಆದ್ದರಿಂದಲೇ ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಹಾಕುವುದು, ನಂತರ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆಯೊಳಗೆ ಉಳಿದ ಡೋಸ್‌ಗಳು. ಒಂದು ಕಾಲದಲ್ಲಿ ವಿದೇಶದಿಂದ ಬರುತ್ತಿದ್ದ ಈ ಲಸಿಕೆ ದುಬಾರಿಯಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ ದೇಶೀಯ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು, ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬಸುರಿಯ ರಕ್ತದಲ್ಲಿ ಬಿ ಇದೆ ಎಂದು ಮೊದಲೇ ತಿಳಿದರೆ, ಹುಟ್ಟಿದ ಕೂಡಲೇ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡುತ್ತಾರೆ. ವೈರಸ್ ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಟೆನೊಫೊವಿರ್ ಮಾತ್ರೆ. ತಾಯಿ ಎದೆಹಾಲು ಕೊಡಲು ಅಡ್ಡಿಯಿಲ್ಲ. ತಾಯಿ ಕಾರ್ಡ್ ಮಾಡಿಸುವಾಗಿನ ರಕ್ತ ಪರೀಕ್ಷೆಗಳಲ್ಲಿ ಎಚ್‌ಬಿಎಸ್‌ಎಜಿ ಇದೆಯೇ ಎಂದು ನೋಡಿಕೊಳ್ಳಬೇಕಾದ್ದು ಇದಕ್ಕೇ.

ಬಿ ಇದ್ದವರೆಲ್ಲ ಮಾತ್ರೆ ನುಂಗಬೇಕಿಲ್ಲ. ಲಿವರಿಗಾದ ಪೆಟ್ಟನ್ನು ತೋರಿಸುವ ಎಸ್‌ಜಿಪಿಟಿ ಎಷ್ಟು, ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಎಷ್ಟು, ಲಿವರ್ ಎಷ್ಟು ಗಡುಸಾಗಿದೆ ಎಂದು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಶುರು ಮಾಡಿದರೆ ಟೆನೊಫೊವಿರ್ ಅಥವಾ ಎಂಟಿಕಾವಿರ್, ದಿನಕ್ಕೊಂದು, ವರ್ಷಗಟ್ಟಲೆ. ಅದು ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ, ಕಟ್ಟಿಹಾಕುತ್ತದೆ. ಕೈಕಾಲು ಗಟ್ಟಿಯಾಗಿದೆ ಎಂದು ತಾವೇ ನಿಲ್ಲಿಸಿದವರಲ್ಲಿ ರೋಗ ಒಮ್ಮೆಲೇ ಉಲ್ಬಣಿಸಿದ ನಿದರ್ಶನಗಳಿವೆ. ಇಟಲಿಯ ಮಾರಿಯೊ ರಿಜೆಟ್ಟೊ 1977ರಲ್ಲಿ ಕಂಡುಹಿಡಿದ ಡಿ ವೈರಸ್ ಬಿ ಇಲ್ಲದೆ ಬದುಕಲಾರದು. ಬಿ ಲಸಿಕೆ ಹಾಕಿಸಿಕೊಂಡವರಿಗೆ ಡಿ ಚಿಂತೆಯೂ ಇಲ್ಲ.

ಸಿ ವೈರಸ್ಸಿನ ಕಥೆ ಇದಕ್ಕಿಂತ ಹರ್ಷದಾಯಕ. 1989ರಲ್ಲಿ ಪತ್ತೆಯಾಗಿ, ಪತ್ತೆ ಮಾಡಿದವರಿಗೆ 2020ರಲ್ಲಿ ನೊಬೆಲ್ ತಂದುಕೊಟ್ಟ ಇದಕ್ಕೆ ಲಸಿಕೆ ಇಲ್ಲ. ಆದರೆ ಪೂರ್ತಿ ಗುಣಪಡಿಸುವ ಮಾತ್ರೆ ಇದೆ. 2013ರ ಕೊನೆಗೆ ಸೊಫೊಸ್ಬುವಿರ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84 ಸಾವಿರ. ಮರುವರ್ಷ ಗಿಲಿಯಡ್ ಕಂಪನಿ ಭಾರತದ ಕೆಲವು ಕಂಪನಿಗಳಿಗೆ ತಯಾರಿಸುವ ಪರವಾನಗಿ ಕೊಟ್ಟಿತು, ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಬೆಲೆ ಪಾತಾಳಕ್ಕಿಳಿಯಿತು. ಇದನ್ನು ‘ಕಾಲಾ ಪೀಲಿಯಾ’ ಎಂದು ಕರೆದು ಹೆದರುತ್ತಿದ್ದ ಪಂಜಾಬಿನಲ್ಲಿ ಸರ್ಕಾರ 2016ರಲ್ಲೇ ಉಚಿತ ಚಿಕಿತ್ಸೆ ಶುರುಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದ ಮೇಲೆ ಪರೀಕ್ಷೆಯೂ ಮಾತ್ರೆಯೂ ದೇಶದೆಲ್ಲೆಡೆ ಉಚಿತ. ಸೊಫೊಸ್ಬುವಿರ್ ಜೊತೆ ಡಾಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್, ಸಾಮಾನ್ಯವಾಗಿ ಹನ್ನೆರಡು ವಾರ. ನೂರಕ್ಕೆ ತೊಂಬತ್ತೈದು ಮಂದಿ ವಾಸಿ. ಇಷ್ಟು ಸುಲಭವಾಗಿ ಗುಣವಾಗುವ ಕಾಯಿಲೆ ಇದೆಯೆಂದು ತಿಳಿಯದೆಯೇ ಸಾಯುವುದು ಈ ಕಾಲದ ದುರಂತಗಳಲ್ಲೊಂದು.

ಪರೀಕ್ಷೆಯ ಚೀಟಿ ಓದುವುದು ಬ್ರಹ್ಮವಿದ್ಯೆಯೇನಲ್ಲ. ಎಲ್‌ಎಫ್‌ಟಿ ಎಂದರೆ ಲಿವರಿಗೆ ಪೆಟ್ಟಾಗಿದೆಯೇ ಎಂಬ ಲೆಕ್ಕ ಮಾತ್ರ. ನಲವತ್ತರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ ವೈರಲ್ ಕಾಮಾಲೆಯಲ್ಲಿ ಸಾವಿರ ದಾಟುವುದುಂಟು. ಪೆಟ್ಟು ಕೊಟ್ಟವರು ಯಾರು ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು: ಎ ಮತ್ತು ಇಗೆ ಐಜಿಎಂ, ಬಿಗೆ ಎಚ್‌ಬಿಎಸ್‌ಎಜಿ, ಸಿಗೆ ಆ್ಯಂಟಿ ಎಚ್‌ಸಿವಿ. ಎ ವೈರಸ್ಸಿಗೆ ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಹಿಂದೆಂದೋ ಬಂದು ಹೋಗಿದೆ ಅಥವಾ ಲಸಿಕೆ ಕೆಲಸ ಮಾಡಿದೆ ಎಂದರ್ಥ, ಗಾಬರಿ ಬೇಡ. ಸಿ ವೈರಸ್ಸಿನ ಆ್ಯಂಟಿಬಾಡಿ ಗುಣವಾದ ಮೇಲೂ ಉಳಿಯುತ್ತದೆ. ವೈರಸ್ ಈಗಲೂ ಇದೆಯೇ ಎಂದು ತಿಳಿಸುವುದು ಆರ್‌ಎನ್‌ಎ ಪರೀಕ್ಷೆ. ಎಚ್‌ಬಿಎಸ್‌ಎಜಿ ಆರು ತಿಂಗಳ ನಂತರವೂ ಪಾಸಿಟಿವ್ ಇದ್ದರೆ ಬಿ ನೆಲೆನಿಂತಿದೆ ಎಂದು ತಿಳಿಯಬೇಕು. ಈ ಎಲ್ಲದರ ನಡುವೆ ಜೀವದ ಮೇಲೆ ಕಣ್ಣಿಟ್ಟಿರುವ ಪರೀಕ್ಷೆ ಐಎನ್ಆರ್, ರಕ್ತ ಹೆಪ್ಪುಗಟ್ಟುವ ವೇಗದ ಅಳತೆ. ಅದು ಒಂದೂವರೆ ದಾಟಿದರೆ, ರೋಗಿ ಹಗಲೆಲ್ಲ ತೂಕಡಿಸಿ ರಾತ್ರಿ ಎಚ್ಚರವಿದ್ದರೆ, ಅಸಂಬದ್ಧ ಮಾತಾಡಿದರೆ, ಒಸಡಿನಲ್ಲಿ ರಕ್ತ ಬಂದರೆ ದೊಡ್ಡ ಆಸ್ಪತ್ರೆಗೆ ಆ ಗಳಿಗೆಯೇ ಹೊರಡಬೇಕು. ಎಸ್‌ಜಿಪಿಟಿ ಇಳಿಯಿತೆಂದು ಸಮಾಧಾನಪಡುವಾಗ ಬಿಲಿರುಬಿನ್ ಮತ್ತು ಐಎನ್ಆರ್ ಏರುತ್ತಿದ್ದರೆ ಅದು ಲಿವರ್ ಸೋಲುತ್ತಿರುವ ಲಕ್ಷಣ.

ಮಲೆನಾಡಿನ ವೈದ್ಯರಿಗೆ ಇನ್ನೊಂದು ತಲೆನೋವಿದೆ. ಇಲ್ಲಿಯ ಹಲವು ಜ್ವರಗಳು ಕಾಮಾಲೆಯ ವೇಷದಲ್ಲಿ ಬರುತ್ತವೆ. ಗದ್ದೆ, ಅಡಿಕೆ ತೋಟದ ಕೆಸರಲ್ಲಿ ಬರಿಗಾಲಲ್ಲಿ ನಿಂತವರಿಗೆ ಬರುವ ಇಲಿಜ್ವರದಲ್ಲಿ ಕಣ್ಣು ಹಳದಿಯ ಜೊತೆ ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ನೋಯುತ್ತದೆ, ಬಿಲಿರುಬಿನ್ ಗಗನಕ್ಕೇರಿದರೂ ಎಸ್‌ಜಿಪಿಟಿ ಅಷ್ಟಾಗಿ ಏರುವುದಿಲ್ಲ. ಅದಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಸಾದಾ ಔಷಧಿಗಳಿವೆ. ಸೊಪ್ಪಿನ ಮನೆಯಲ್ಲಿ ಐದು ದಿನ ಕಳೆದರೆ ಮೂತ್ರಪಿಂಡವೇ ಹೋದೀತು. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ಲಿವರಿನ ಅಂಕಿಗಳು ಏರುತ್ತವೆ. ವೈರಲ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಎರಡೂ ಒಟ್ಟಿಗೆ ಇದ್ದರೆ ಬೇರೆ ಅನುಮಾನಗಳನ್ನು ಪರಿಶೀಲಿಸಲೇಬೇಕು.

ತೋಟಗಳ ಸಂಗತಿ ಹೇಳದೆ ಈ ಬರಹ ಮುಗಿಯದು. ಅರೇಬಿಕಾ ಕೊಯ್ಲಿಗೆ ನವೆಂಬರಿನಲ್ಲಿ ಬಂದು ರೊಬಸ್ಟಾ ಮುಗಿಯುವ ಮಾರ್ಚಿಗೆ ಹೊರಡುವ ಕಾರ್ಮಿಕರಲ್ಲಿ ಈಗ ಅಸ್ಸಾಮಿನವರು ಬಹಳ. ಒಂದೊಂದು ಲೈನ್ ಮನೆಯಲ್ಲಿ ಎರಡು ಮೂರು ಸಂಸಾರ, ಎಲ್ಲರಿಗೂ ಒಂದೇ ತೊಟ್ಟಿಯ ನೀರು. ಕುಡಿಯುವ ನೀರು, ಪಾಯಿಖಾನೆ, ವೈದ್ಯಕೀಯ ಸೌಕರ್ಯ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಕೊಯ್ಲಿನ ತಿಂಗಳಲ್ಲಿ ಆಳು ಸಿಗದೆ ಒದ್ದಾಡುವ ಸಾಹುಕಾರರಿಗೆ ಒಂದು ಲೆಕ್ಕ ಹೇಳಬಹುದು: ಲೈನಿನಲ್ಲಿ ಒಬ್ಬರಿಗೆ ಹೆಪಟೈಟಿಸ್ ಎ ಬಂದರೆ ಹತ್ತು ಜನ ತಿಂಗಳುಗಟ್ಟಲೆ ಹಣ್ಣು ಬಿಡಿಸಲಾರರು. ಸಾವಿರ ಲೀಟರ್ ತೊಟ್ಟಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕಾಗುವುದು ಎರಡೂವರೆ ಗ್ರಾಂ, ಹಾಕಿ ಅರ್ಧ ಗಂಟೆ ಬಿಡಬೇಕು. ಕುಡಿಯುವ ನೀರನ್ನು ಮರಳುವಷ್ಟು ಕಾಯಿಸಿದರೆ ಇನ್ನೂ ಭದ್ರ. ಮಳೆಗಾಲ ಹಿಡಿಯುವ ಮೊದಲು ಅಬ್ಬಿಯ ಪೈಪನ್ನು ಹಿಡಿದು ಮೇಲಕ್ಕೆ ನಡೆದು, ದಾರಿಯಲ್ಲಿ ಯಾರ ಗುಂಡಿ ಎಲ್ಲಿದೆ ಎಂದು ಒಮ್ಮೆ ನೋಡಿ ಬರುವುದಕ್ಕೆ ಖರ್ಚೇನೂ ಇಲ್ಲ.

ಲಸಿಕೆ ರಾಷ್ಟ್ರೀಯ ಪಟ್ಟಿಗೆ ಸೇರುವ ಮೊದಲು ಹುಟ್ಟಿದವರು, ಹಿಂದೆ ರಕ್ತ ಹಾಕಿಸಿಕೊಂಡವರು, ಹಚ್ಚೆ ಹಾಕಿಸಿಕೊಂಡವರು, ಮನೆಯಲ್ಲಿ ಯಾರಿಗಾದರೂ ಲಿವರಿನ ಕಾಯಿಲೆ ಇರುವವರು ಜೀವಮಾನದಲ್ಲಿ ಒಮ್ಮೆಯಾದರೂ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಬಿ ನೆಗೆಟಿವ್ ಬಂದರೆ ಆರು ತಿಂಗಳಲ್ಲಿ ಮೂರು ಡೋಸ್ ಲಸಿಕೆ ಮುಗಿಸಿಕೊಳ್ಳಿ. ಪಾಸಿಟಿವ್ ಬಂದರೆ ಚೀಟಿಯನ್ನು ಮಡಚಿ ಬೀರುವಿನಲ್ಲಿಡದೆ ಜಿಲ್ಲಾ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಮೊದಲ ಪರೀಕ್ಷೆಗೆ ಬೇಕಾಗುವುದು ಬೆರಳ ತುದಿಯ ಒಂದೆರಡು ಹನಿ ರಕ್ತ ಮತ್ತು ಸುಮಾರು ಇಪ್ಪತ್ತು ನಿಮಿಷ.